ತಾರೀಖು ಹಾಕಲು ಮರೆತವರು



ಏಪ್ರಿಲ್ ಬಂತೆಂದರೆ ನಮ್ಮ ಈ-ಪತ್ರಿಕೆಗೆ ಒಂದಾದರೂ ಸಕುರಾ ಬರಹ ಬಂದೇ ಬರುತ್ತದೆ. ಹೂವು ಅರಳುತ್ತದೆ, ಉದುರುತ್ತದೆ, ಬದುಕು ಕ್ಷಣಿಕ ಅನ್ನಿಸುತ್ತದೆ, ಊರ ಹಿತ್ತಲಿನ ಪಾರಿಜಾತ ನೆನಪಾಗುತ್ತದೆ. ಅಲ್ಲಿಗೆ ಬರಹ ಮುಗಿಯುತ್ತದೆ. ಯಾರಾದರೂ ಕಲ್ಲೆಸೆಯುವ ಮುನ್ನ ನಾವೇ ಒಪ್ಪಿಕೊಂಡುಬಿಡುತ್ತೇವೆ: ಅಂಥದ್ದೊಂದನ್ನು ನಾವೂ ಬರೆದಿದ್ದೇವೆ. ಮೊನ್ನೆ ಹಳೆಯ ಮೇಲ್‌ಗಳನ್ನು ಕೆದಕುವಾಗ ಅದು ಸಿಕ್ಕಿತು. ಯಾವ ಜಾಗದ ಮರ, ಯಾವ ದಿನ, ಅಂದು ಬಿಸಿಲಿತ್ತೋ ಮಳೆಯಿತ್ತೋ, ಒಂದೂ ಅದರಲ್ಲಿಲ್ಲ. ಇದ್ದ ಒಂದೇ ಒಂದು ಖಚಿತ ಸಂಗತಿಯೂ ತಪ್ಪು! ಹೂಗಳ ನಡುವೆ ಕೂತಿದ್ದ ಹಸಿರು ಹಕ್ಕಿಯನ್ನು 'ಉಗುಯಿಸು' ಎಂದು ಬರೆದು, ಅದರ ಹಾಡಿನ ಬಗ್ಗೆ ಅರ್ಧ ಪುಟ ಭಾವುಕರಾಗಿದ್ದೆವು.

ತಪ್ಪು ಹಿಡಿದದ್ದು ಯಾವ ವಿಮರ್ಶಕರೂ ಅಲ್ಲ, ಆಗ ಎರಡನೇ ತರಗತಿಯಲ್ಲಿದ್ದ ಮಗಳು. ಮರುವರ್ಷ ಅದೇ ಮರದ ಕೆಳಗೆ ನಿಂತಿದ್ದಾಗ "ಅಪ್ಪಾ, ಅದು ಉಗುಯಿಸು ಅಲ್ಲ, ಮೆಜಿರೊ. ಕಣ್ಣ ಸುತ್ತ ಬಿಳಿ ಉಂಗುರ ಕಾಣಲ್ವಾ?" ಅಂದಳು. ಕಂಡಿತು. ಆ ಮಾತಿಗೂ ಮುಂಚೆ ಆ ಉಂಗುರ ಅಲ್ಲೇ ಇತ್ತು, ನಾವು ನೋಡಿರಲಿಲ್ಲ, ಅಷ್ಟೇ.

ಅವಳಿಗೆ ಈ ಕಣ್ಣು ಬಂದದ್ದು ಎಲ್ಲಿಂದ? ಇಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿದವರಿಗೆಲ್ಲ ಗೊತ್ತಿರುವ ವಿಷಯವೇ. ಒಂದನೇ ತರಗತಿಯಲ್ಲಿ ಕುಂಡದಲ್ಲಿ ಅಸಗಾವೊ ಬಳ್ಳಿ (ಬೆಳಗ್ಗೆ ಅರಳಿ ಹೊತ್ತೇರಿದಂತೆ ಬಾಡುವ ತುತ್ತೂರಿಯಂಥ ಹೂವು) ಬೆಳೆಸಿ, ಅದರ ದಿನಚರಿ ಬರೆಯಿಸುತ್ತಾರೆ. ತಾರೀಖು, ಹವಾಮಾನ, ಎಲೆ ಎಷ್ಟು, ಮುಟ್ಟಿದರೆ ಹೇಗಿದೆ, ಒಂದು ಚಿತ್ರ. ಆರು ವರ್ಷದ ಮಗು 'ಎಲೆಯ ಮೇಲೆ ಕೂದಲಿದೆ, ಚುಚ್ಚುವುದಿಲ್ಲ' ಎಂದು ಬರೆದಿದ್ದ ಆ ಪುಸ್ತಕವನ್ನೂ ನಮ್ಮ ಸಕುರಾ ಬರಹವನ್ನೂ ಅಕ್ಕಪಕ್ಕ ಇಟ್ಟು ಓದಿದೆವು. ಯಾವುದು ಸಾಹಿತ್ಯ ಎಂಬ ಅನುಮಾನ ಅವತ್ತು ಹುಟ್ಟಿತು. ಅಂದೇ ನಾವೂ ಒಂದು ನಿಸರ್ಗ ದಿನಚರಿ ಶುರು ಮಾಡಿದೆವು.

ಕನ್ನಡದಲ್ಲಿ ನಮಗೆ ಮಾದರಿಗಳಿಲ್ಲವೇ? ಧಾರಾಳವಾಗಿವೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' (1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದದ್ದು) ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಕಾಡು ಅಲೆದ ಮೇಷ್ಟರ ಪುಸ್ತಕ. ಹುಡುಗರ ತುಂಟಾಟಕ್ಕೆ ನಗುತ್ತಾ ಓದುತ್ತಿರುವಾಗಲೇ ಒಂದು ಗಿಡದ ಗುಣವೆಲ್ಲ ತಲೆಗೆ ಹೊಕ್ಕಿರುತ್ತದೆ. ಚಿತ್ರಗಳನ್ನೂ ಅವರೇ ಬರೆದರು. ಗೆರೆ ಎಳೆಯಬೇಕಾದವನು ನೋಡದೆ ತಪ್ಪಿಸಿಕೊಳ್ಳುವಂತಿಲ್ಲ. ಇನ್ನು ತೇಜಸ್ವಿಯವರ 'ಪರಿಸರದ ಕತೆ'ಯನ್ನು ಓದದೆ ವಿಮಾನ ಹತ್ತಿದ ಕನ್ನಡಿಗರು ನಮ್ಮ ಬಳಗದಲ್ಲಿ ಕಮ್ಮಿ. ಜಪಾನಿನ ಫುಕುವೋಕ ಅವರ ಸಹಜ ಕೃಷಿಯನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ಒಬ್ಬರು ಎಂಬುದು ಇಲ್ಲಿರುವ ನಮಗೆ ಇನ್ನೊಂದು ನಂಟು.

ಆದರೆ ಇವರನ್ನು ಓದಿದ ನಾವು ಕಲಿತದ್ದೇನು ಎಂಬುದೇ ಪ್ರಶ್ನೆ. ಅವರು ಕತೆ ಹೇಳಿದರು; ತಾರೀಖಿನ ಪಟ್ಟಿ ಕೊಡಲು ಹೊರಟ ಪುಸ್ತಕಗಳು ಅವಲ್ಲ. ಆ ಕತೆಗಳ ಹಿಂದೆ ವರ್ಷಗಟ್ಟಲೆ ನೋಡಿದ್ದು, ಗಾಳ ಹಿಡಿದು ಕೂತದ್ದು, ಕ್ಯಾಮರಾ ಹಿಡಿದು ಕಾದದ್ದು ಇದೆ. ನಾವು ಕಾಯುವಿಕೆಯನ್ನು ಬಿಟ್ಟು ಧಾಟಿಯನ್ನು ಮಾತ್ರ ಎತ್ತಿಕೊಂಡೆವು. ತೇಜಸ್ವಿಯವರ ಹಾಗೆ ತಮಾಷೆಯಾಗಿ ಬರೆಯಲು ಒಂದು ಸಂಜೆ ಸಾಕು, ಅವರ ಹಾಗೆ ಒಂದು ಮಿಂಚುಳ್ಳಿಗೆ ಕಾಯಲು ಆಗುವುದಿಲ್ಲ. ನಮ್ಮ ಪರಿಸರ ಬರಹಗಳು ಸೋಲುವುದು ಭಾಷೆಯಲ್ಲಲ್ಲ, ಭಾಷೆಗೂ ಮುಂಚಿನ ಈ ಹಂತದಲ್ಲಿ.

ಈ ಕೊರತೆಗೆ ಮದ್ದು ನಾವು ಬಂದು ನೆಲೆಸಿದ ದೇಶದಲ್ಲೇ ಇದೆ. ಕವಿ ಫುಜಿವಾರ ನೊ ತೆಯಿಕಾ (1162-1241) ಐವತ್ತು ವರ್ಷಕ್ಕೂ ಮೇಲ್ಪಟ್ಟು 'ಮೆಯಿಗೆತ್ಸುಕಿ' ಎಂಬ ದಿನಚರಿ ಬರೆದ. 1204ರ ಫೆಬ್ರವರಿಯಲ್ಲಿ ಕ್ಯೋಟೋದ ಉತ್ತರದ ಆಕಾಶದಲ್ಲಿ ಕೆಂಪು ಬೆಳಕು ಕಂಡು ಹೆದರಿದ. ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ದಿನ ಹಾಕಿ, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ. ಅದು ಧ್ರುವಪ್ರಭೆ ಎಂದು ಇಂದಿನ ವಿಜ್ಞಾನಿಗಳು ಗುರುತಿಸಿದ್ದಾರೆ. ಹಾಗೆಯೇ ಕ್ಯೋಟೋದ ಅರಸರು, ಆಸ್ಥಾನಿಕರು, ಸನ್ಯಾಸಿಗಳು 'ಇಂದು ಹೂ ನೋಡಲು ಹೋದೆವು' ಎಂದು ಗೀಚಿದ ಸಾಲುಗಳನ್ನು ಒಸಾಕದ ಸಂಶೋಧಕ ಯಾಸುಯುಕಿ ಅವೋನೊ ಒಂದೊಂದಾಗಿ ಹೆಕ್ಕಿ, ಒಂಬತ್ತನೇ ಶತಮಾನದಿಂದ ಈಚೆಗೆ ಸಕುರಾ ಯಾವಾಗ ತುಂಬಿ ಅರಳಿತು ಎಂಬ ಪಟ್ಟಿ ಮಾಡಿದರು. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿದಾಗ, 1409ರ ಮಾರ್ಚ್ 27ರ ದಾಖಲೆಯನ್ನು ಅದು ಹಿಂದಿಕ್ಕಿತು ಎಂದು ಲೋಕಕ್ಕೆ ಹೇಳಲು ಸಾಧ್ಯವಾದದ್ದು ಈ ಪಟ್ಟಿಯಿಂದ. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಸಾಕ್ಷಿಯಾಗುತ್ತೇವೆಂದು ಆ ಸನ್ಯಾಸಿಗಳು ಕನಸಿನಲ್ಲೂ ಎಣಿಸಿರಲಾರರು. ಬದುಕು ಕ್ಷಣಿಕ ಎಂದು ಅವರಿಗೂ ಅನ್ನಿಸಿರಬಹುದು, ಆದರೆ ತಾರೀಖು ಹಾಕಿದ್ದರು!

ಸುವಾ ಸರೋವರದ ಲೆಕ್ಕ ಇನ್ನೂ ಚಂದ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ, ಬಿರಿದು, ಮಂಜುಗಡ್ಡೆಯ ದಿಬ್ಬ ಏಳುವುದನ್ನು 1443ರಿಂದ ದಾಖಲಿಸಿದ್ದಾರೆ. ದಿಬ್ಬ ಏಳದ ವರ್ಷವನ್ನೂ ಬಿಡದೆ 'ಏಳಲಿಲ್ಲ' ಎಂದು ಸಾರುತ್ತಾರೆ. ಡೇಟಾಬೇಸ್ ಜೊತೆ ಹೆಣಗುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊನ್ನೆ ಬೇರೆ, ಖಾಲಿ ಬೇರೆ. 'ಹೋದೆವು, ಕಾಣಲಿಲ್ಲ' ಎಂಬುದು ಒಂದು ಮಾಹಿತಿ. 'ಹೋಗಲಿಲ್ಲ' ಎಂಬುದು ಇನ್ನೊಂದು. ಕಳೆದ ವರ್ಷ ಆಫೀಸಿನ ರಿಲೀಸ್ ಗಲಾಟೆಯಲ್ಲಿ ಏಳು ವಾರ ನಮ್ಮ ಪುಸ್ತಕ ಖಾಲಿ ಬಿತ್ತು. ನಾಚಿಕೆಯಿಂದ ಹಾಳೆ ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ, 'ಹೋಗಲಿಲ್ಲ' ಎಂದು ಏಳು ಸಲ ಬರೆದೆವು.

ಇನ್ನು ಕನ್ನಡದ ಮಾತು. ನಿಶಿ-ಕಸಾಯಿಯಿಂದ ಹತ್ತಿರದ ಕಸಾಯಿ ರಿಂಕಾಯಿ ಪಾರ್ಕಿನ ಹಕ್ಕಿತಾಣಕ್ಕೆ ಭಾನುವಾರ ಬೆಳಗ್ಗೆ ಹೋಗಿ ಬರೆಯುವಾಗ ಮೊದಲು ಕೈ ಕಟ್ಟಿದ್ದೇ ಹೆಸರುಗಳು. ಇಲ್ಲಿನ ಹಕ್ಕಿಗೆ ಕನ್ನಡದಲ್ಲಿ ಹೆಸರೆಲ್ಲಿ? ಆರು ತಿಂಗಳು ನಮ್ಮ ಪುಸ್ತಕದಲ್ಲಿ ಒಂದು ಹಕ್ಕಿ 'ಬೂದು ಬಣ್ಣ, ಗೊರವಂಕಕ್ಕಿಂತ ತುಸು ಉದ್ದ, ಕೆನ್ನೆ ಕಂದು, ಕಿರುಚುತ್ತದೆ' ಎಂದೇ ಇತ್ತು. ಆಮೇಲೆ ತಿಳಿಯಿತು, ಇಲ್ಲಿಯವರ ಹಿಯೊದೊರಿ ನಮ್ಮ ಪಿಕಳಾರದ ಕುಲದ್ದೇ! ಮನೆಯ ಬಾಲ್ಕನಿಗೆ ದಿನಾ ಬಂದು ಬೈದು ಹೋಗುತ್ತಿದ್ದವನು ದೂರದ ನೆಂಟ ಎಂದು ಗೊತ್ತಾದ ಹಾಗಾಯಿತು. ಮಗಳು ತೋರಿಸಿದ ಮೆಜಿರೊ ಎಂಬ ಹೆಸರಿನಲ್ಲಿ 'ಮೆ' ಎಂದರೆ ಕಣ್ಣು, 'ಜಿರೊ' ಎಂದರೆ ಬಿಳುಪು. ಅದರ ಬಂಧುವಿಗೆ ನಮ್ಮ ಕಡೆಯ ಹೆಸರು ಬೆಳ್ಗಣ್ಣ. ಎರಡು ದೇಶದ ಜನ ಒಂದೇ ಉಂಗುರ ನೋಡಿ ಒಂದೇ ಹೆಸರಿಟ್ಟರು. ಊರು ನೆನಪಾಯಿತು ಎಂದು ನಾವು ಬರೆಯುವ ಹತ್ತು ಸಾಲಿಗಿಂತ ಈ ಒಂದು ಪದ ಊರಿಗೆ ಹತ್ತಿರ. ಮಗಳ ಜಪಾನೀಸ್ ಪುಸ್ತಕದಲ್ಲಿ ಈಗ ಮೆಜಿರೊ ಪಕ್ಕ ಕನ್ನಡ ಅಕ್ಷರದಲ್ಲಿ ಬೆಳ್ಗಣ್ಣ ಎಂದಿದೆ. ಅವಳ ಕನ್ನಡ ಉಳಿಯುವುದಾದರೆ ಹೀಗೆ, ಕಣ್ಣೆದುರಿನ ವಸ್ತುವಿಗೆ ಅಂಟಿಕೊಂಡು ಉಳಿದೀತು.

ಜಪಾನಿನ ಹವಾಮಾನ ಇಲಾಖೆ 1953ರಿಂದ ದೇಶದುದ್ದಕ್ಕೂ ಗಿಡಮರ, ಪ್ರಾಣಿಪಕ್ಷಿಗಳ ಋತು ದಾಖಲಿಸುತ್ತಿತ್ತು. 2021ರಿಂದ ಪ್ರಾಣಿಗಳ ಭಾಗವನ್ನು ಪೂರ್ತಿ ಕೈಬಿಟ್ಟು, ಆರು ಗಿಡಮರಗಳನ್ನಷ್ಟೇ ಉಳಿಸಿಕೊಂಡಿತು. ವರ್ಷದ ಮೊದಲ ಉಗುಯಿಸು ಎಂದು ಕೂಗಿತು ಎಂದು ಆ ಕಡತದಲ್ಲಿ ಇನ್ನು ಬರೆಯುವವರಿಲ್ಲ. ಆ ಕೆಲಸಕ್ಕೆ ಈಗ ಸಾಮಾನ್ಯ ಜನರ ನೆರವನ್ನು ಕೇಳಿದ್ದಾರೆ. ಸರ್ಕಾರ ಮುಚ್ಚಿದ ಪುಟವನ್ನು ನಾವು ಹತ್ತು ಮನೆಯವರು ತುಂಬುತ್ತೇವೆ ಎಂದರೆ ಅತಿಯಾದೀತು. ಒಂದು ಮರ, ಒಂದು ಕಿಟಕಿ, ವಾರಕ್ಕೆ ಐದು ಸಾಲು ಸಾಧ್ಯ.

ಆದ್ದರಿಂದ ಬಳಗದಲ್ಲಿ ನಮ್ಮದೊಂದು ವಿನಂತಿ. ಮುಂದಿನ ಏಪ್ರಿಲ್‌ನಲ್ಲಿ ಸಕುರಾ ಬರಹ ಕಳಿಸುವವರು ದಯವಿಟ್ಟು ಮೊದಲ ಸಾಲಿನಲ್ಲಿ ತಾರೀಖು, ಜಾಗ, ಹವಾಮಾನ ಹಾಕಿ. ಹೆಸರು ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಎಂದೇ ಬರೆಯಿರಿ. ಅದರ ನಂತರ ಬದುಕು ಕ್ಷಣಿಕ ಅನ್ನಿಸಿದರೆ ಅದನ್ನೂ ಧಾರಾಳವಾಗಿ ಬರೆಯಿರಿ, ನಾವು ಓದುತ್ತೇವೆ. ನಮ್ಮ ಹಳೆಯ ಬರಹಕ್ಕೂ ಒಂದು ತಿದ್ದುಪಡಿ ಸೇರಿಸಿಕೊಳ್ಳಿ: ಅಂದು ಹೂವಿನಲ್ಲಿದ್ದದ್ದು ಬೆಳ್ಗಣ್ಣ. ದಿನ ನೆನಪಿಲ್ಲ.