ವಂಡರ್ ವುಮನ್ ಜೊತೆಗೆ ಯಾರನ್ನು ಕಳಿಸೋಣ?

1942ರಲ್ಲಿ ವಂಡರ್ ವುಮನ್ ಅಮೆರಿಕದ ‘ಆಲ್ ಸ್ಟಾರ್ ಕಾಮಿಕ್ಸ್’ ಪತ್ರಿಕೆಯಲ್ಲಿ ಜಸ್ಟಿಸ್ ಸೊಸೈಟಿ ಎಂಬ ವೀರರ ಕೂಟವನ್ನು ಸೇರಿಕೊಂಡಳು. ಬಂದೂಕಿನ ಗುಂಡನ್ನು ಕೈಬಳೆಯಿಂದ ತಡೆಯುವ ಅಮೆಜಾನ್ ರಾಜಕುಮಾರಿಗೆ ಅಲ್ಲಿ ಸಿಕ್ಕ ಕೆಲಸ ಕಾರ್ಯದರ್ಶಿಯದು. ಅಂದರೆ, ಗಂಡಸರು ಯುದ್ಧಕ್ಕೆ ಹೊರಟರೆ ಇವಳು ಸಭೆಯ ಟಿಪ್ಪಣಿ ಬರೆದುಕೊಂಡು ಇರಬೇಕು. ಅವಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್‌ಗೆ ಇದು ಹಿಡಿಸಲಿಲ್ಲ. ಒಂದು ಸಂಚಿಕೆಯಲ್ಲಿ ಅವಳ ಪಾಲಿನ ಕಥೆಯನ್ನು ಅವನೇ ತಿದ್ದಿ ಬರೆದ. ಆದರೆ ಹುದ್ದೆ ಬದಲಾಗಲಿಲ್ಲ.

ಒಬ್ಬರ ಕಥೆಯ ನಾಯಕಿ ಇನ್ನೊಬ್ಬರ ಕಥೆಯೊಳಗೆ ಕಾಲಿಡುವುದನ್ನು ಕಾಮಿಕ್ಸ್ ಓದುಗರು ಕ್ರಾಸ್‌ಓವರ್ ಎನ್ನುತ್ತಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವವರು ನಮ್ಮ ಸಾಹಿತ್ಯ ವಿಭಾಗಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಇದು ಓದುವ ಒಂದು ಕ್ರಮವಾಗಿಯೇ ಕಾಣುತ್ತದೆ. ಒಂದು ಪಾತ್ರವನ್ನು ಅದರ ಮನೆಯಿಂದ ಎತ್ತಿ ಬೇರೆಯವರ ಅಂಗಳದಲ್ಲಿ ಬಿಟ್ಟಾಗ ಅದರ ಜೊತೆ ಏನು ಬರುತ್ತದೆ, ಏನು ಹಿಂದೆ ಉಳಿಯುತ್ತದೆ? 1942ರ ಕೂಟಕ್ಕೆ ವಂಡರ್ ವುಮನ್ ಬಂದಳು, ಅವಳ ಜಗತ್ತು ಬರಲಿಲ್ಲ.

ಅಭಿಮಾನಿಗಳ ಅಚ್ಚುಮೆಚ್ಚಿನ ಪ್ರಶ್ನೆ ಬೇರೆ: ಯಾರು ಗೆಲ್ಲುತ್ತಾರೆ? 1996ರಲ್ಲಿ ಮಾರ್ವೆಲ್ ಮತ್ತು ಡಿಸಿ ಕಂಪನಿಗಳು ಒಟ್ಟಾಗಿ ಇದನ್ನು ಓದುಗರ ಮತಕ್ಕೇ ಬಿಟ್ಟವು. ಎಕ್ಸ್-ಮೆನ್ ಬಳಗದ ಸ್ಟಾರ್ಮ್ ಮಿಂಚು ಹರಿಸಿ ವಂಡರ್ ವುಮನ್‌ಳನ್ನು ಸೋಲಿಸಿದಳು. ಮೋಡ ಮಳೆಗಳನ್ನು ಆಳುವ ಕಪ್ಪು ಹೆಣ್ಣು ಮತ್ತು ದ್ವೀಪದ ರಾಜಕುಮಾರಿ ಎದುರಾದರೂ ಅವರ ನಡುವೆ ಮಾತೇ ಹುಟ್ಟಲಿಲ್ಲ. ಆ ಕಥೆಯಲ್ಲಿ ನನಗೆ ಇಷ್ಟವಾಗುವುದು ಹೊಡೆದಾಟಕ್ಕೆ ಮುಂಚಿನ ಒಂದು ಗಳಿಗೆ. ಥಾರ್‌ನ ಸುತ್ತಿಗೆ ವಂಡರ್ ವುಮನ್ ಕೈಗೆ ಸಿಕ್ಕಿರುತ್ತದೆ. ಅದನ್ನು ಹಿಡಿದು ಹೋರಾಡುವುದು ನ್ಯಾಯವಲ್ಲ ಎಂದು ಅವಳು ಪಕ್ಕಕ್ಕಿಡುತ್ತಾಳೆ. ಮತಪೆಟ್ಟಿಗೆಗೆ ಇಂಥದ್ದು ಲೆಕ್ಕಕ್ಕಿಲ್ಲ.

ಎರಡು ಕಡೆ ಮಾತ್ರ ಅವಳ ಜಗತ್ತು ಅವಳ ಬೆನ್ನಿಗೇ ಬಂದದ್ದನ್ನು ಕಂಡಿದ್ದೇನೆ. ಒಂದು, 1978ರಲ್ಲಿ ಜೆರ್ರಿ ಕಾನ್‌ವೇ ಬರೆದು ಗಾರ್ಸಿಯಾ-ಲೋಪೆಸ್ ಚಿತ್ರಿಸಿದ ‘ಸೂಪರ್‌ಮ್ಯಾನ್ ವರ್ಸಸ್ ವಂಡರ್ ವುಮನ್’. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಅಣುಬಾಂಬ್ ತಯಾರಿಸುತ್ತಿದೆ ಎಂದು ಗೊತ್ತಾದಾಗ, ಅದು ಯಾರ ಕೈಯಲ್ಲೂ ಇರಕೂಡದು ಎಂದು ಅವಳು ನಿಲ್ಲುತ್ತಾಳೆ. ಸೂಪರ್‌ಮ್ಯಾನ್ ತನ್ನ ದೇಶದ ಪರ. ಜಗಳ ಚಂದ್ರನವರೆಗೂ ಹೋಗುತ್ತದೆ. ಇನ್ನೊಂದು, 2003-04ರಲ್ಲಿ ಕರ್ಟ್ ಬ್ಯೂಸಿಕ್ ಮತ್ತು ಜಾರ್ಜ್ ಪೆರೆಸ್ ಮಾಡಿದ ‘ಜೆಎಲ್‌ಎ/ಅವೆಂಜರ್ಸ್’. ಅಲ್ಲಿ ಅವಳ ಎದುರಿಗೆ ಮಾರ್ವೆಲ್‌ನ ಹರ್ಕ್ಯುಲೀಸ್ ಬರುತ್ತಾನೆ. ಅವಳ ಜಗತ್ತಿನ ಹರ್ಕ್ಯುಲೀಸ್ ಅವಳ ತಾಯಿ ಹಿಪ್ಪೊಲಿಟಾಗೆ ಮೋಸ ಮಾಡಿ ಅಮೆಜಾನರನ್ನು ಸೆರೆಯಲ್ಲಿಟ್ಟವನು. ಇವನು ಬೇರೆ ಲೋಕದವನು, ಹೆಸರೊಂದೇ ಅಷ್ಟೆ. ಆದರೂ ಅವಳು ಅವನ ಮೇಲೆ ಬೀಳುತ್ತಾಳೆ. ತಾಯಿಯ ಗಾಯವನ್ನು ಮಗಳು ಗಡಿಯಾಚೆಗೂ ಹೊತ್ತು ತಂದಿದ್ದಾಳೆ.

ಉಳಿದಂತೆ, ನಾಯಕಿ ಗಂಡು ವೀರನ ಜೊತೆ ಸೇರಿದರೆ ಕಥೆಗೆ ಹೊಳೆಯುವ ದಾರಿ ಪ್ರೇಮದ್ದು. 2012-13ರ ಹೊತ್ತಿಗೆ ಡಿಸಿ ಅವಳನ್ನು ಸೂಪರ್‌ಮ್ಯಾನ್‌ಗೆ ಜೋಡಿ ಮಾಡಿಯೇಬಿಟ್ಟಿತು. ಕನ್ನಡ ಓದುಗರಿಗೆ ಇದು ಹೊಸದೇನಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞಾಶ್ವ ಸ್ತ್ರೀರಾಜ್ಯ ಹೊಕ್ಕು, ಪ್ರಮೀಳೆ ಅದನ್ನು ಕಟ್ಟಿಹಾಕಿ ಅರ್ಜುನನನ್ನು ಎದುರಿಸುತ್ತಾಳೆ. ಪ್ರಸಂಗ ಮುಗಿಯುವುದು ಮದುವೆಯಲ್ಲಿ. ಕುದುರೆ ಮುಂದೆ ಹೋಗುತ್ತದೆ. ಗಂಡಸರೇ ಇಲ್ಲದೆ ನಡೆಯುತ್ತಿದ್ದ ಆ ರಾಜ್ಯ ಆಮೇಲೆ ಏನಾಯಿತು ಎಂದು ಕೇಳಲು ಕಥೆಗೆ ಪುರಸೊತ್ತಿಲ್ಲ.

ಹಾಗಾದರೆ ಅವಳ ಜೊತೆಗೆ ಯಾರನ್ನು ಕಳಿಸಬೇಕು? ನನ್ನ ಆಯ್ಕೆ ಕಮಲಾ ಖಾನ್. 2014ರಲ್ಲಿ ಜಿ. ವಿಲ್ಲೋ ವಿಲ್ಸನ್ ಬರೆದು ಆಡ್ರಿಯನ್ ಅಲ್ಫೋನಾ ಚಿತ್ರಿಸಿದ ‘ಮಿಸ್ ಮಾರ್ವೆಲ್’ ಸರಣಿಯ ಈ ಹುಡುಗಿಗೆ ಹದಿನಾರು ವರ್ಷ. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆ. ಸ್ವತಃ ಅವೆಂಜರ್ಸ್ ಬಗ್ಗೆ ಕಥೆ ಕಟ್ಟಿ ಅಂತರ್ಜಾಲದಲ್ಲಿ ಹಾಕುವವಳು, ಅಂದರೆ ನಾನೀಗ ಮಾಡುತ್ತಿರುವ ಕೆಲಸವನ್ನೇ ನನಗಿಂತ ಚೆನ್ನಾಗಿ ಮಾಡುವವಳು. ಶಕ್ತಿ ಬರುವ ರಾತ್ರಿ ಅವಳ ಕನಸಿನಂಥ ದರ್ಶನದಲ್ಲಿ ಕ್ಯಾಪ್ಟನ್ ಮಾರ್ವೆಲ್ ಉರ್ದುವಿನಲ್ಲಿ ಮಾತಾಡುತ್ತಾಳೆ. ಮೆಚ್ಚಿನ ನಾಯಕಿಯ ಹಾಗಾಗಬೇಕೆಂದು ಬಯಸಿದ ಕಮಲಾ ಕಣ್ಣು ಬಿಟ್ಟಾಗ ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣಾಗಿರುತ್ತಾಳೆ. ಆ ಮೈ ಅವಳಿಗೆ ಒಗ್ಗುವುದಿಲ್ಲ, ಆ ಬಟ್ಟೆಯಂತೂ ಇನ್ನೂ ಒಗ್ಗುವುದಿಲ್ಲ.

ಇವರಿಬ್ಬರನ್ನು ಕೂಡಿಸಲು ಭೂಮಿಯನ್ನು ನುಂಗುವ ಖಳನಾಯಕ ಬೇಡ. ಒಬ್ಬ ಹುಡುಗಿ ಮನೆಬಿಟ್ಟು ಹೋಗಿದ್ದಾಳೆ, ಅಷ್ಟೇ ಸಾಕು. ಅವಳೆಲ್ಲಿದ್ದಾಳೆ ಎಂಬುದು ಕಮಲಾಗೆ ಗೊತ್ತು, ಹೇಳುವುದಿಲ್ಲ. ಡಯಾನಾ ಸೊಂಟದಲ್ಲಿ ಸತ್ಯ ಹೇಳಿಸುವ ಹಗ್ಗವಿದೆ.

ಆ ಹಗ್ಗಕ್ಕೊಂದು ಚರಿತ್ರೆಯಿದೆ. ಮಾರ್ಸ್ಟನ್ ಮನಶ್ಶಾಸ್ತ್ರಜ್ಞ; ರಕ್ತದೊತ್ತಡ ಅಳೆದು ಸುಳ್ಳು ಹಿಡಿಯುವ ಪರೀಕ್ಷೆಯನ್ನು ರೂಪಿಸಿದವನು. ಅವನ ಕಥೆಗಳಲ್ಲಿ ಆ ಹಗ್ಗಕ್ಕೆ ಸಿಕ್ಕವರು ಹೇಳಿದ ಮಾತು ಕೇಳಲೇಬೇಕಿತ್ತು. ಅದು ಸತ್ಯದ ಹಗ್ಗವೆಂದು ಹೆಸರಾದದ್ದು ಆಮೇಲೆ. ಹೇಳಿದ ಮಾತು ಕೇಳುವುದಕ್ಕೂ ನಿಜ ಹೇಳುವುದಕ್ಕೂ ನಡುವಿನ ದಾರಿ ಎಷ್ಟು ಸಣ್ಣದು ಎಂಬುದು ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಎಲ್ಲಿದ್ದೀಯಾ, ಯಾರ ಜೊತೆ, ಎಷ್ಟು ಹೊತ್ತಿಗೆ ಬರ್ತೀಯಾ—ಈ ಪ್ರಶ್ನೆಗಳಿಗೆಲ್ಲ ನಿಜವನ್ನೇ ಹೇಳಿದ್ದರೆ ನನ್ನ ಹಾಸ್ಟೆಲ್ ಗೆಳತಿಯರಲ್ಲಿ ಅರ್ಧ ಜನ ಎಂ.ಎ. ಮುಗಿಸುತ್ತಿರಲಿಲ್ಲ. ಕಮಲಾಳ ಸಾಹಸಗಳೂ ಇಂಥ ಸಣ್ಣ ಸುಳ್ಳುಗಳ ಮೇಲೇ ನಿಂತಿವೆ.

2015ರ ಒಂದು ಸಂಚಿಕೆಯಲ್ಲಿ ಅವಳು ಕೊನೆಗೂ ಅಮ್ಮಿಯ ಮುಂದೆ ಗುಟ್ಟು ಬಿಚ್ಚುತ್ತಾಳೆ. ತಾಯಿಗೆ ಅದು ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಕೇಳಿರುವುದಿಲ್ಲ. ಹಿಪ್ಪೊಲಿಟಾಳ ಮಗಳಿಗೆ ಈ ಬಗೆಯ ಸತ್ಯದ ಪರಿಚಯವಿದೆಯೇ? ಡಯಾನಾ ಸ್ವತಂತ್ರಳಾದದ್ದು ತಾಯಿಯ ದ್ವೀಪ ಬಿಟ್ಟು ಬಂದು. ಕಮಲಾ ರಾತ್ರಿ ಕಿಟಕಿಯಿಂದ ಹೊರಟು ಬೆಳಿಗ್ಗೆ ಅದೇ ಕಿಟಕಿಯಿಂದ ಒಳಗೆ ಬರುತ್ತಾಳೆ. ಮನೆಯನ್ನು ಬಿಡದೆಯೇ ತನ್ನದನ್ನು ಉಳಿಸಿಕೊಳ್ಳುವುದು ಅವಳ ಪಾಡು. ಸ್ತ್ರೀವಾದಿ ವಿಮರ್ಶೆ ಮೊದಲನೆಯದನ್ನು ಬೇಗ ಕೊಂಡಾಡುತ್ತದೆ. ಎರಡನೆಯದನ್ನು ರಾಜಿ ಎಂದುಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಕುತೂಹಲದ ಸಂಗತಿ, ವಿಲ್ಸನ್ ಅವರೇ 2018ರಿಂದ ಕೆಲಕಾಲ ಡಿಸಿಗೆ ‘ವಂಡರ್ ವುಮನ್’ ಬರೆದರು. ಎರಡೂ ಪಾತ್ರಗಳು ಒಂದೇ ಬರಹಗಾರ್ತಿಯ ಮೇಜಿನ ಮೇಲೆ ಕೂತೆದ್ದಿವೆ, ಹಕ್ಕುಗಳು ಮಾತ್ರ ಎರಡು ಕಂಪನಿಗಳ ಬಳಿ.

ನನ್ನ ಕಥೆಯಲ್ಲಿ ಡಯಾನಾ ಹಗ್ಗ ಎಸೆಯುತ್ತಾಳೆ. ಬೇಕಾದ ಹಾಗೆ ಮೈ ಹಿಗ್ಗಿಸಿ ಕುಗ್ಗಿಸಬಲ್ಲ ಕಮಲಾ ಸಣ್ಣದಾಗಿ ನುಣುಚಿಕೊಳ್ಳುವುದು ಸುಲಭ. ಆದರೆ ಅವಳು ನುಣುಚಿಕೊಳ್ಳುವುದಿಲ್ಲ, ಕುಣಿಕೆಯ ಇನ್ನೊಂದು ತುದಿ ಹಿಡಿದು ತಾನೇ ಪ್ರಶ್ನೆ ಕೇಳುತ್ತಾಳೆ: ಸಿಕ್ಕ ಹುಡುಗಿಯನ್ನು ನೀವು ಎಲ್ಲಿಗೆ ಕರೆದುಕೊಂಡು ಹೋಗ್ತೀರಿ? ಹಗ್ಗ ಇಬ್ಬರ ಕೈಯಲ್ಲೂ ಇರುವುದರಿಂದ ಡಯಾನಾ ನಿಜವನ್ನೇ ಹೇಳಬೇಕು. ಅವಳ ಬಳಿ ಇರುವುದು ಎರಡೇ ಉತ್ತರ, ಅಪ್ಪನ ಮನೆ ಅಥವಾ ದ್ವೀಪ. ಮೂರನೆಯದು ಅವಳ ಬಾಯಲ್ಲಿ ಏನಾಗಿ ಬರಬಹುದು ಎಂಬುದು ನನಗಿನ್ನೂ ಹೊಳೆದಿಲ್ಲ.