ಬೋಗಿಯ ಲೆಕ್ಕ ತಪ್ಪಿದ್ದೆಲ್ಲಿ?

ಬೆಳಗಾವಿಯ ರವಿವಾರ ಪೇಟೆಯ ಇಕ್ಕಟ್ಟಿನ ತಿರುವಿನಲ್ಲಿ ಸರಕು ತುಂಬಿದ ಲಾರಿ ಹೊರಳುವುದನ್ನು ಗಮನಿಸಿದ್ದೀರಾ? ಅದರ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲೇ ಬರುವುದಿಲ್ಲ. ತಿರುವಿನ ಒಳಮಗ್ಗುಲಿಗೆ ಸರಿದು ಬರುತ್ತವೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರ್ ಲಾರಿಗಿಂತ ಉದ್ದವಾಗಿದ್ದರೂ ನಡುನಡುವೆ ಮಡಚಿಕೊಂಡು ಸುಲಭವಾಗಿ ತಿರುಗುತ್ತದೆ. ಉದ್ದನೆಯ ವಾಹನ ಬಾಗಬೇಕಾದರೆ ಅದಕ್ಕೆ ಕೀಲುಗಳಿರಬೇಕು.

ಹಾಗಾದರೆ ರೈಲಿಗೆ ಕೀಲು ಎಲ್ಲಿದೆ? ವಿದ್ಯಾರ್ಥಿಗಳನ್ನು ಕೇಳಿದರೆ ‘ಎರಡು ಬೋಗಿಗಳ ನಡುವೆ’ ಎನ್ನುತ್ತಾರೆ. ತಪ್ಪು ಅವರದಲ್ಲ. ನಮ್ಮ ಪತ್ರಿಕೆಗಳಲ್ಲಿ, ಎಷ್ಟೋ ಸಲ ವಿಜ್ಞಾನ ಬರಹಗಳಲ್ಲಿಯೂ ಪ್ರಯಾಣಿಕರು ಕೂರುವ ಗಾಡಿಯನ್ನೇ ‘ಬೋಗಿ’ ಎನ್ನಲಾಗುತ್ತದೆ. ಎಂಜಿನಿಯರಿಗೆ ಬೋಗಿ ಎಂದರೆ ಗಾಡಿಯ ಅಡಿಯಲ್ಲಿರುವ, ಸಾಮಾನ್ಯವಾಗಿ ಎರಡು ಅಚ್ಚು ಮತ್ತು ನಾಲ್ಕು ಚಕ್ರಗಳ ಚೌಕಟ್ಟು. ಗಾಡಿಯ ಒಡಲು ಇದರ ಮೇಲೆ ಕೂತಿರುತ್ತದೆ. ತಿರುವಿನಲ್ಲಿ ಬೋಗಿಯು ಒಡಲಿನ ಕೆಳಗೇ ಸ್ವಲ್ಪ ತಿರುಗಿ ಹಳಿಯನ್ನು ಅನುಸರಿಸುತ್ತದೆ. ನಿಜವಾದ ಕೀಲು ಇರುವುದು ಇಲ್ಲಿ.

ಪದಗಳ ಅರ್ಥ ಬದಲಾಗುವುದು ಸಹಜವಲ್ಲವೇ ಎಂದು ನೀವು ಕೇಳಬಹುದು. ಆಡುಮಾತಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಿಜ್ಞಾನದ ಬರಹದಲ್ಲಿ ಒಂದು ಭಾಗದ ಹೆಸರನ್ನು ಇಡೀ ವಸ್ತುವಿಗೆ ಕೊಟ್ಟುಬಿಟ್ಟರೆ, ಆ ಭಾಗದ ಬಗ್ಗೆ ಮಾತನಾಡಲು ಪದವೇ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ಜನ ಬಳಸುವ ‘ಡಬ್ಬಿ’ ಈ ವಿಷಯದಲ್ಲಿ ಅಚ್ಚಿನ ಕನ್ನಡಕ್ಕಿಂತ ಮೇಲು. ಮೇಲಿನದು ಡಬ್ಬಿ, ಕೆಳಗಿನದು ಬೋಗಿ ಎಂದು ಇಟ್ಟುಕೊಳ್ಳೋಣ.

ಈಗ ಒಂದು ಮಾತು ಹೇಳಿನೋಡಿ: ‘ಎರಡು ಡಬ್ಬಿಗಳು ಒಂದೇ ಬೋಗಿಯನ್ನು ಹಂಚಿಕೊಳ್ಳುತ್ತವೆ.’ ಬೋಗಿ ಎಂದರೆ ಡಬ್ಬಿ ಎಂದುಕೊಂಡವರಿಗೆ ಈ ವಾಕ್ಯ ಒಗಟು. ಆದರೆ ರೈಲ್ವೆ ಚರಿತ್ರೆಯಲ್ಲಿ ಇದೊಂದು ಜಾಣ ಉಪಾಯ. 1907ರಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯಲ್ಲಿ ನೈಜೆಲ್ ಗ್ರೆಸ್ಲಿ ಹಳೆಯ ಆರು ಚಕ್ರದ ಡಬ್ಬಿಗಳೆರಡನ್ನು ಜೋಡಿಸಿ ಮೂರು ಬೋಗಿಗಳ ಮೇಲೆ ಕೂರಿಸಿದರು. ಮುಂದೆ ಲಂಡನ್ನಿನ ಉಪನಗರ ಉಗಿರೈಲುಗಳಿಗೆ ಐದು ಬೋಗಿಗಳ ಮೇಲೆ ನಾಲ್ಕು ಡಬ್ಬಿಗಳ ಸೆಟ್ಟುಗಳು ಬಂದವು. ಅಂಥ 1924ರ ಒಂದು ಸೆಟ್ಟನ್ನು ನಾರ್ತ್ ನಾರ್ಫೋಕ್ ರೈಲ್ವೆಯಲ್ಲಿ ಉಳಿಸಿಕೊಂಡಿದ್ದಾರೆ. ಇದನ್ನು ಕೀಲುಜೋಡಣೆ ಎನ್ನೋಣ. 1981ರಲ್ಲಿ ಓಡತೊಡಗಿದ ಫ್ರಾನ್ಸಿನ ಟಿಜಿವಿ ರೈಲಿನ ಡಬ್ಬಿಗಳದ್ದೂ ಇದೇ ತತ್ವ.

ಲೆಕ್ಕ ಸರಳ. ಡಬ್ಬಿಗಳ ಸಂಖ್ಯೆ n ಆದರೆ ಸಾಮಾನ್ಯ ರೈಲಿಗೆ 2n ಬೋಗಿ ಬೇಕು, ಕೀಲುಜೋಡಣೆಗೆ n+1 ಸಾಕು. ನಾಲ್ಕು ಡಬ್ಬಿಗಳಿಗೆ ಎಂಟರ ಬದಲು ಐದು. ತೂಕ, ಖರ್ಚು, ಎಳೆತಕ್ಕೆ ತಡೆ, ಎಲ್ಲವೂ ಇಳಿಯುತ್ತವೆ. ಹಾಗಿದ್ದರೆ ನಮ್ಮ ಹಳೆಯ ಉಗಿರೈಲುಗಳಲ್ಲಿ ಇದೇಕೆ ರೂಢಿಯಾಗಲಿಲ್ಲ? ‘ಹಿಂದುಳಿದ ತಂತ್ರಜ್ಞಾನ’, ‘ಆಟಿಕೆ ರೈಲು’ ಎಂದು ಬರೆದು ಮುಗಿಸುವುದು ನಮ್ಮ ಬರಹಗಳ ಎರಡನೆಯ ದೋಷ.

ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಸಿ ಲೈಟ್ ರೈಲ್ವೆಯನ್ನೇ ನೋಡಿ. ಎವೆರಾರ್ಡ್ ಕ್ಯಾಲ್‌ತ್ರಾಪ್ ರೂಪಿಸಿದ ಈ ಮಾರ್ಗ 1897ರಲ್ಲಿ ಆರಂಭವಾಗಿ, ಮುಂದೆ ಮಿರಜದವರೆಗೂ ಬಂದಿತು. ಹಳಿಗಳ ನಡುವಿನ ಅಂತರ 762 ಮಿ.ಮೀ., ಹಳಿಯ ತೂಕ ಮೀಟರಿಗೆ ಸುಮಾರು 15 ಕಿ.ಗ್ರಾಂ. ಇಷ್ಟು ತೆಳುವಾದ ಹಳಿಯ ಮೇಲೆ ಒಂದು ಅಚ್ಚಿಗೆ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್ನಿನಿಂದ ಹಿಡಿದು ಎಲ್ಲವನ್ನೂ ರೂಪಿಸಲಾಯಿತು.

ಜನರೂ ಸೇರಿ 16 ಟನ್ ತೂಗುವ ನಾಲ್ಕು ಡಬ್ಬಿಗಳನ್ನು ಊಹಿಸಿಕೊಳ್ಳಿ. ಒಟ್ಟು 64 ಟನ್. ಬೋಗಿಗಳ ಸ್ವಂತ ತೂಕವನ್ನು ಸದ್ಯಕ್ಕೆ ಬಿಡೋಣ. ಎಂಟು ಬೋಗಿಗಳಿದ್ದರೆ ಒಂದೊಂದರ ಮೇಲೆ 8 ಟನ್, ಅಂದರೆ ಅಚ್ಚಿಗೆ 4 ಟನ್. ಕೀಲುಜೋಡಣೆಯಲ್ಲಿ ತುದಿಯ ಎರಡು ಬೋಗಿಗಳ ಮೇಲೆ 8 ಟನ್ನೇ ಇರುತ್ತದೆ. ನಡುವಿನ ಮೂರರ ಮೇಲೆ ಮಾತ್ರ ಆಚೀಚೆಯ ಡಬ್ಬಿಗಳ ಅರ್ಧರ್ಧ ಭಾರ ಸೇರಿ 16 ಟನ್, ಅಂದರೆ ಅಚ್ಚಿಗೆ 8 ಟನ್. ಬಾರ್ಸಿಯ ಮಿತಿ ದಾಟಿಹೋಯಿತು! ಡಬ್ಬಿಯನ್ನು ಮೊಟಕುಗೊಳಿಸದೆ ದಾರಿಯಿಲ್ಲ. ಎರಡೆರಡು ಬೋಗಿಗಳನ್ನು ಉಳಿಸಿಕೊಂಡದ್ದು ಅಜ್ಞಾನದಿಂದ ಎನ್ನುವವರು ಈ ಲೆಕ್ಕ ಮಾಡಿಲ್ಲ.

ಇನ್ನೊಂದು ಅಡಚಣೆಯೂ ಇದೆ. ಬೆಳಗಾವಿ, ಖಾನಾಪುರ, ಲೋಂಡಾ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಮೀಟರ್‌ಗೇಜ್ ಆಗಿತ್ತು. ಲೋಂಡಾದಂಥ ಜಂಕ್ಷನ್ನಿನಲ್ಲಿ ಒಂದು ಡಬ್ಬಿಯನ್ನು ಬಿಡಿಸಿ ಇನ್ನೊಂದು ದಿಕ್ಕಿನ ರೈಲಿಗೆ ಸೇರಿಸಬೇಕೆಂದುಕೊಳ್ಳಿ. ಕೀಲುಜೋಡಣೆಯಲ್ಲಿ ಅದು ಸುಲಭವಲ್ಲ, ಬಿಡಿಸಿದ ಡಬ್ಬಿಯ ಒಂದು ತುದಿಗೆ ಚಕ್ರವೇ ಇರುವುದಿಲ್ಲ. ಒಂದು ಡಬ್ಬಿ ಕೆಟ್ಟರೆ ಇಡೀ ಸೆಟ್ಟು ಕಾರ್ಖಾನೆಗೆ ಹೋಗಬೇಕು.

ಆದ್ದರಿಂದ ಕೀಲುಜೋಡಣೆಯನ್ನು ಬರಿದೇ ಹೊಗಳುವುದೂ ಸರಿಯಲ್ಲ, ಅದಿಲ್ಲದ ರೈಲನ್ನು ಹಳಿಯುವುದೂ ಸರಿಯಲ್ಲ. ಯಾವ ಹಳಿ, ಎಷ್ಟು ಭಾರ, ಎಂಥ ಬಳಕೆ ಎಂದು ಕೇಳದೆ ಯಂತ್ರವನ್ನು ಅಳೆಯಲಾಗದು.

ಅಧ್ಯಾಪಕರೇ, ಮಕ್ಕಳನ್ನು ಒಮ್ಮೆ ನಿಲ್ದಾಣಕ್ಕೆ ಕರೆದೊಯ್ಯಿರಿ. 2024ರಿಂದ ಬೆಳಗಾವಿಯ ಮೇಲೆ ಹಾದುಹೋಗುವ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಒಂದೇ ಕೊಳವೆಯಂತೆ ಕಾಣುತ್ತದೆ. ಪ್ಲಾಟ್‌ಫಾರ್ಮಿನ ಗೆರೆಯಿಂದ ಹಿಂದೆಯೇ ನಿಂತು, ಪ್ರತಿ ಡಬ್ಬಿಯ ಅಡಿಯಲ್ಲಿ ಎಷ್ಟು ಬೋಗಿಗಳಿವೆ ಎಂದು ಎಣಿಸಲು ಹೇಳಿ. ಎರಡೆರಡು ಸಿಗುತ್ತವೆ, ಅಂದರೆ ಅದು ಕೀಲುಜೋಡಣೆಯ ರೈಲಲ್ಲ. ಕಿಟಕಿಯನ್ನು ಬಿಟ್ಟು ಚಕ್ರದತ್ತ ನೋಡಿದ ವಿದ್ಯಾರ್ಥಿ ಇದನ್ನು ತಾನೇ ಕಂಡುಕೊಳ್ಳುತ್ತಾನೆ. ಆದರೆ ಎಣಿಸುವ ವಸ್ತುವಿಗೆ ಮೊದಲು ಸರಿಯಾದ ಹೆಸರು ಕೊಟ್ಟಿರಬೇಕು.