ಕೋಟೆ ಹತ್ತುವ ಮೊದಲು ಕೆರೆ ಏರಿ

ಚಂದ್ರಗುತ್ತಿ ಗುಡ್ಡದ ಬಗ್ಗೆ ಬರೆಯಲು ಕೂತೆ. ರೇಣುಕಾಂಬೆಯ ಗುಡಿ ದಾಟಿ ಮೇಲೆ ಹೋದರೆ ಕೋಟೆ. 14ನೇ ಶತಮಾನದ ನಡುವಿನಲ್ಲಿ ವಿಜಯನಗರದ ಮಾರಪ್ಪ ಇಲ್ಲಿಂದ ಆಳಿದ. ಮುಂದೆ ಅದು ಕೆಳದಿಯವರ ಕೈ ಸೇರಿತು. ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ತಾಳಗುಂದದ ಕೆರೆಯ ಕಡೆ ಹೊರಳಿತು. ಕೋಟೆ ಕಾಯಲಿ.

ಎತ್ತರ ಹತ್ತಿ ಕೆಳಗೆ ನೋಡಿದರೆ ಊರು ನೋಡಿದಂತೆ ಎನ್ನುವ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಶಿರಾಳಕೊಪ್ಪದಲ್ಲಿ ಚಹಾ ಕುಡಿದು ಕೋಟೆಯ ಕಡೆ ಗಾಡಿ ಓಡಿಸುತ್ತಾರೆ. ಪಕ್ಕದಲ್ಲೇ ಇರುವ ಬಳ್ಳಿಗಾವಿ, ತಾಳಗುಂದಕ್ಕೆ ಅವರಲ್ಲಿ ಪುರುಸೊತ್ತಿಲ್ಲ. ಶಿಕಾರಿಪುರ, ಸೊರಬದ ಸೀಮೆಯನ್ನು ಹೀಗೆ ನೋಡಿದರೆ ಏನೂ ದಕ್ಕುವುದಿಲ್ಲ; ಅದನ್ನು ಕೆರೆಯ ಏರಿಯಿಂದ ನೋಡಬೇಕು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಶಾಸನದ ಕಂಬವೊಂದಿದೆ. ಕಂಬದ ಮೇಲಿನ ಸಂಸ್ಕೃತ ಕಾವ್ಯ ಕುಬ್ಜನೆಂಬ ಕವಿಯದು. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಆದ ಕಲಹ, ದರ್ಭೆ ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಎತ್ತಿದ್ದು: ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ಆದರೆ ಕಾವ್ಯ ಅಲ್ಲಿಗೆ ಮುಗಿಯುವುದಿಲ್ಲ. ಅದೇ ವಂಶದ ದೊರೆ ಕಾಕುಸ್ಥವರ್ಮ ಇಲ್ಲಿನ ಶಿವಾಲಯಕ್ಕೆ ನೀರು ಸಾಲಲೆಂದು ದೊಡ್ಡ ಕೆರೆ ಕಟ್ಟಿಸಿದ ಎನ್ನುವುದೇ ಅದು ತಲುಪುವ ಜಾಗ. ಅವನ ಮಗ ಶಾಂತಿವರ್ಮನ ಆಜ್ಞೆಯಂತೆ ಕುಬ್ಜ ಅದನ್ನು ಕಲ್ಲಿಗೆ ಇಳಿಸಿದ. ಕದಂಬರ ಮೂಲದ ಕಥೆ ನಮಗೆ ಉಳಿದು ಬಂದದ್ದು ಒಂದು ಕೆರೆಯ ನೆಪದಲ್ಲಿ!

ಬಳ್ಳಿಗಾವಿಯಲ್ಲೂ ಅಷ್ಟೆ. ಕೇದಾರೇಶ್ವರ ದೇವಾಲಯ ಕೆರೆಯ ಮಗ್ಗುಲಲ್ಲೇ ಇದೆ. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುವ ಬಗೆ ನೋಡಬೇಕು. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ಒಂದು ಕಡೆ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ, ರೋಗಿಗಳಿಗೆ ಔಷಧ ಇನ್ನೊಂದು ಕಡೆ. ಇಷ್ಟು ಜನರ ಎಲೆಗೆ ಬೀಳುವ ಅನ್ನ ಯಾವುದೋ ಗದ್ದೆಯಲ್ಲಿ ಬೆಳೆಯಲೇಬೇಕಲ್ಲ, ಆ ಗದ್ದೆಗೆ ಕೆರೆಯ ನೀರು ಬೇಕಲ್ಲ. 1047ರ ಗಂಡಭೇರುಂಡ ಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡವರು ಈ ಲೆಕ್ಕವನ್ನು ಕೇಳಿಕೊಳ್ಳುವುದೇ ಇಲ್ಲ.

ಹಳೆಯ ಕೆರೆಯ ತೂಬನ್ನು ಹತ್ತಿರ ಹೋಗಿ ನೋಡಿ. ನೆಟ್ಟಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಪಟ್ಟಿ, ಪಟ್ಟಿಯಲ್ಲಿ ಗೂಟ ಇಳಿಬಿಡಲು ತೂತು. ಗೂಟ ಎತ್ತಿದರೆ ನೀರು ಏರಿಯ ಅಡಿಯಿಂದ ಗದ್ದೆಗೆ. ಏರಿಯ ಮೇಲೆ ನಿಂತರೆ ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಬತ್ತ, ಅದರಾಚೆ ಅಡಿಕೆ ತೋಟ. ಊರು ಅಲ್ಲಿಯೇ ಯಾಕೆ ಕೂತಿದೆ ಎಂಬುದು ಆಗ ತಿಳಿಯುತ್ತದೆ. ರಾಜ್ಯಗಳು ಹೋದ ಮೇಲೆ ಕೋಟೆಗಳು ಪಾಳುಬಿದ್ದವು. ಕೆರೆಯ ಕೆಳಗೆ ಮಾತ್ರ ಇವತ್ತಿಗೂ ನಾಟಿ ನಡೆಯುತ್ತದೆ. ಹೂಳು ತುಂಬಿ, ಅಂಗಳ ಒತ್ತುವರಿಯಾಗಿ ಕೆರೆಯೊಂದು ಸತ್ತರೆ, ಕೋಟೆಯ ಗೋಡೆ ಕುಸಿದದ್ದಕ್ಕಿಂತ ದೊಡ್ಡ ನಷ್ಟ ಅದು. ಪ್ರವಾಸೋದ್ಯಮದ ಫಲಕಗಳಲ್ಲಿ ಕೆರೆಯ ಹೆಸರೂ ಬರಲಿ.

ಹೋಗುವವರು ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ತಾಳಗುಂದ, ಬಳ್ಳಿಗಾವಿ. ಮರುದಿನ ಬೆಳಿಗ್ಗೆ ಆನವಟ್ಟಿ ಪಕ್ಕದ ಕುಬಟೂರಿನ ಕೈಟಭೇಶ್ವರ. ಚಂದ್ರಗುತ್ತಿ ಕೊನೆಗಿರಲಿ. ಹತ್ತಿದ ಮೇಲೆ ಬುರುಜು ಎಣಿಸುವುದನ್ನು ಬಿಟ್ಟು, ಕೆಳಗೆ ಎಲ್ಲೆಲ್ಲಿ ನೀರು ಹೊಳೆಯುತ್ತದೆ, ಅದರ ಪಕ್ಕ ಯಾವ ಊರಿದೆ ಎಂದು ಗುರುತಿಸಿ.